ಸೆನ್ಸೇಯ ದುರ್ಬೀನಿಗೆ ವಿಮೆ

ಜನವರಿಯ ಕೊನೆಯ ಭಾನುವಾರ ನನ್ನ ಹೆಂಡತಿ ಕ್ಯೋಟೋದ ನಮ್ಮ ಮನೆಯ ನಡುಕೋಣೆಯಲ್ಲಿ ನನ್ನದೊಂದು ಬಿಳಿ ಪಂಚೆ ಹಾಸಿ, ಅದರ ಮೇಲೆ ತನ್ನ ಬೇಟೆಯ ಸಾಮಾನುಗಳನ್ನು ಸಾಲಾಗಿ ಇಟ್ಟಳು. ಬಂದೂಕು, ಗುರಿ ನೋಡಲು ಅದರ ಬೆನ್ನಿಗೆ ಕೂರಿಸಿದ ಸ್ಕೋಪು, ಒಂದು ದುರ್ಬೀನು. ಏಪ್ರಿಲ್‌ನಲ್ಲಿ ಅವಳು ಕೆಂಪು ಜಿಂಕೆಯ ಬೇಟೆಗೆ ನ್ಯೂಜಿಲೆಂಡಿಗೆ ಹೋಗುವವಳಿದ್ದಳು. ಸಾಮಾನಿಗೆ ವಿಮೆ ಮಾಡಿಸುವುದು ನನ್ನ ಪಾಲಿನ ಕೆಲಸ. ವಿಮೆಯವರಿಗೆ ಒಂದೊಂದರ ಫೋಟೋ, ಅದರ ಮೈಮೇಲೆ ಕೊರೆದ ನಂಬರು, ಕೊಂಡ ಬೆಲೆ ಬೇಕಿತ್ತು.

"ಇನ್ನೂ ಹಿಂದೆ ನಿಂತ್ಕೋ. ಝೂಮ್ ಮಾಡು, ಹತ್ರ ಬರ್ಬೇಡ," ಎಂದಳು.

ಜಪಾನಿನಲ್ಲಿ ಪರವಾನಗಿ ಯಾರ ಹೆಸರಿನಲ್ಲಿದೆಯೋ ಅವರ ಹೊರತು ಇನ್ನೊಬ್ಬರು ಆ ಬಂದೂಕನ್ನು ಮುಟ್ಟುವ ಹಾಗಿಲ್ಲ, ಗಂಡನಾದರೂ ಅಷ್ಟೇ. ನಮ್ಮ ಮಲಗುವ ಕೋಣೆಯ ಗೋಡೆಗೆ ಬೋಲ್ಟು ಹಾಕಿ ನಿಲ್ಲಿಸಿದ ಉಕ್ಕಿನ ಬೀರುವಿದೆ. ಅದರ ಕೀಲಿ ಎಲ್ಲಿದೆ ಎಂಬುದೂ ನನಗೆ ಗೊತ್ತಿರಬಾರದು. ಗೊತ್ತಿಲ್ಲ. ಎರಡು ಕೋಣೆಯ ಮನೆಯಲ್ಲಿ ನನ್ನ ಹೆಂಡತಿ ಎರಡು ವರ್ಷದಿಂದ ನನ್ನ ಕಣ್ಣಿಗೆ ಬೀಳದಂತೆ ಒಂದು ಕೀಲಿಯನ್ನು ಬಚ್ಚಿಡುತ್ತಿದ್ದಾಳೆ, ಅದೂ ಸರ್ಕಾರದ ಆಜ್ಞೆಯ ಮೇರೆಗೆ.

ದುರ್ಬೀನಿನ ಪಟ್ಟಿ ಬೆವರಿಗೆ ಕಪ್ಪಗಾಗಿತ್ತು. ಕತ್ತಿನ ಹಿಂಭಾಗಕ್ಕೆ ಬರುವ ಕಡೆ ಚರ್ಮ ನುಣುಪಾಗಿ ಹೊಳೆಯುತ್ತಿತ್ತು.

"ಇದರ ಬಿಲ್ ಎಲ್ಲಿ?"

"ಅದು ನಂದಲ್ಲ ಕಣೋ, ಸೆನ್ಸೇದು. ಟ್ರಿಪ್‌ಗೆ ಇಟ್ಕೋ ಅಂತ ಕೊಟ್ಟಿದಾರೆ."

ಫೋಟೋ ತೆಗೆದೆ. ಅದು ಮಸುಕಾಗಿ ಬಂತು, ಮತ್ತೆ ತೆಗೆದೆ.

ಅವಳ ಊರು ಕೊಡಗು. ಅವರ ಮನೆಯಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಬಂದೂಕುಗಳನ್ನು ಒರೆಸಿ ನಿಲ್ಲಿಸಿ, ನಳಿಗೆಯ ಬಾಯಿಗೆ ಕೆಂಪು ಹಳದಿಯ ತೋಕ್‌ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡುತ್ತಾರೆ. ನಾನು ದಾವಣಗೆರೆಯವನು. ಬ್ಯಾಂಕಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ತೂಕಡಿಸುವ ಗಾರ್ಡಿನ ತೊಡೆಯ ಮೇಲಿದ್ದದ್ದು ಬಿಟ್ಟರೆ ಬೇರೆ ಬಂದೂಕು ನೋಡಿದವನಲ್ಲ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಅವಳು ಕಾಡಿನ ಎಳೆ ಗಿಡಗಳನ್ನು ಮೇದು ಮುಗಿಸುವ ಜಿಂಕೆಗಳ ಬಗ್ಗೆ ಸಂಶೋಧನೆ ಮಾಡುತ್ತಾಳೆ. ನಾನು ಮನೆಯಿಂದಲೇ ಕಂಪ್ಯೂಟರಿನ ಮುಂದೆ ಕೂತು ಬೇರೆಯವರ ಲೆಕ್ಕಪತ್ರದ ಸಾಫ್ಟ್‌ವೇರ್ ಸರಿಪಡಿಸುತ್ತೇನೆ.

ಪರವಾನಗಿ ಕೊಡುವ ಮೊದಲು ಪೊಲೀಸರು ಮನೆಯವರನ್ನೂ ವಿಚಾರಿಸುತ್ತಾರೆ. ಗಂಡ ಹೆಂಡತಿ ಜಗಳವಾಡುತ್ತೀರಾ ಎಂದು ಅಧಿಕಾರಿ ಬಹಳ ಸಂಕೋಚದಿಂದ ಕೇಳಿದರು. ನಾನು ದಿನಚರಿ ತೆಗೆದು, ಹಿಂದಿನ ವರ್ಷ ಇಪ್ಪತ್ಮೂರು ಸಲ, ಅದರಲ್ಲಿ ಒಂಬತ್ತು ಪಾತ್ರೆ ತೊಳೆಯುವ ವಿಷಯಕ್ಕೆ ಎಂದೆ. ಅಧಿಕಾರಿ ಪೆನ್ನು ಕೆಳಗಿಟ್ಟು ಅವಳ ಮುಖ ನೋಡಿದರು. ಪರವಾನಗಿ ಬರುವುದು ಎರಡು ತಿಂಗಳು ತಡವಾಯಿತು. ಆ ಎರಡು ತಿಂಗಳಲ್ಲಿ ಅವಳು ನನ್ನೊಡನೆ ಜಗಳವಾಡಲೇ ಇಲ್ಲ. ಮಾತೂ ಅಷ್ಟಕ್ಕಷ್ಟೇ.

ಸೆನ್ಸೇ ಅಂದರೆ ಗುರುಗಳು, ಅವಳಿಗೆ ಬೇಟೆ ಕಲಿಸುವವರು. ನಗರದ ಉತ್ತರಕ್ಕೆ ಬೆಟ್ಟಗಳ ನಡುವೆ ಅವರದು ದೇವದಾರು ಮರ ಕಡಿದು ಸಿಪ್ಪೆ ತೆಗೆದು ಕಂಬ ಮಾಡುವ ಕಸುಬು. ವಯಸ್ಸು ಐವತ್ತು ದಾಟಿದ್ದರೂ ಹೊಟ್ಟೆ ಇಲ್ಲ. ಮಾತು ಕಡಿಮೆ. ಎದುರಿಗೆ ನಾನು ಅವರಿಗೆ ಕೊಡಬೇಕಾದ ಮರ್ಯಾದೆಯೆಲ್ಲ ಕೊಡುತ್ತೇನೆ. ದಿನಚರಿಯಲ್ಲಿ ಮಾತ್ರ 'ಅವನು' ಎಂದು ಬರೆಯುತ್ತೇನೆ.

ಕಳೆದ ಸೆಪ್ಟೆಂಬರಿನಲ್ಲಿ ಅವಳಿಗೆ ಹೂವಿನ ಅಂಗಡಿಯಲ್ಲಿ ಅದೇ ತೋಕ್‌ಪೂ ಕಂಡಿತು. ಇಲ್ಲಿ ಅದನ್ನು ಒಂದೊಂದೇ ಕಡ್ಡಿಯಾಗಿ ಮದುವೆಯ ಅಲಂಕಾರಕ್ಕೆ ಮಾರುತ್ತಾರೆ. ಒಂದು ಕಡ್ಡಿ ತಂದು ಬಂದೂಕಿಗೆ ಸಿಕ್ಕಿಸಿ ಪೂಜೆ ಮಾಡಿದಳು, ಸೆನ್ಸೇಯನ್ನೂ ಕರೆದಳು. ನಾನು ಅಕ್ಕಿಕಾಳು ಹಾಕಿ ಕೈಮುಗಿದು ಪಕ್ಕಕ್ಕೆ ಸರಿದೆ. ಅವರು ಮಂಡಿಯೂರಿ, ಅಂಗೈಗಳನ್ನು ನೆಲಕ್ಕೆ ಊರಿ, ಹಣೆ ಚಾಪೆಗೆ ತಾಗುವ ಹಾಗೆ ಬಾಗಿ, ಬಹಳ ಹೊತ್ತು ಹಾಗೇ ಇದ್ದರು. ಅವಳ ಕಣ್ಣು ತುಂಬಿಬಂತು. "ನಮ್ಮಜ್ಜನೂ ಹೀಗೇ," ಎಂದಳು. ಮದುವೆಯಾಗಿ ನಾಲ್ಕು ವರ್ಷದಲ್ಲಿ ನಾನು ಅವಳ ಅಜ್ಜನ ಹಾಗೆ ಏನನ್ನೂ ಮಾಡಿದ್ದಿಲ್ಲ.

ನವೆಂಬರ್ ನಡುವಿನಿಂದ ಬೇಟೆಯ ಕಾಲ. ಅಲ್ಲಿಂದ ಜನವರಿ ಕೊನೆಯವರೆಗೆ ಬಂದ ಶನಿವಾರಗಳಲ್ಲಿ ಅವಳು ಮನೆಯಲ್ಲಿದ್ದದ್ದು ಎರಡೇ. ಉಳಿದ ಒಂಬತ್ತೂ ಬೆಟ್ಟಕ್ಕೆ. ಡಬ್ಬಿಗೆ ಚಿತ್ರಾನ್ನ ಹಾಕಿಕೊಂಡು ಹೋಗುತ್ತಿದ್ದಳು, ಇಬ್ಬರಿಗೂ ಸಾಕಾಗುವಷ್ಟು. ಡಿಸೆಂಬರಿನಲ್ಲಿ ಒಮ್ಮೆ, "ಸೆನ್ಸೇಗೆ ನಿಂಬೆಕಾಯಿ ಉಪ್ಪಿನಕಾಯಿ ತುಂಬಾ ಇಷ್ಟ ಆಗಿದೆ," ಎಂದಳು. ಅದು ನಮ್ಮ ಅಮ್ಮ ಕಳಿಸಿದ ಉಪ್ಪಿನಕಾಯಿ. ನಾನು ಸೀಸೆಯನ್ನು ಮೇಲಿನ ಕಪಾಟಿಗೆ ಏರಿಸಿದೆ. ಅವಳು ಕುರ್ಚಿ ಹಾಕಿಕೊಂಡು ಇಳಿಸಿದಳು.

ನ್ಯೂಜಿಲೆಂಡಿಗೆ ಹೋಗುವವರು ಮೂವರು: ಸೆನ್ಸೇ, ಫುಕುವೋಕಾದಲ್ಲಿರುವ ಅವರ ಹಳೆಯ ಗೆಳೆಯ, ಇವಳು. ನೀನೂ ಬರ್ತೀಯಾ ಎಂದು ಅವಳು ಕೇಳುವಳೆಂದು ನಾನು ಕಾದೆ. ಕೇಳಲಿಲ್ಲ. ಬದಲಿಗೆ, "ಇನ್ಶೂರೆನ್ಸ್ ನೀನೇ ನೋಡ್ಕೋ, ನಿಂಗೆ ಇಂಥದ್ದೆಲ್ಲ ಚೆನ್ನಾಗಿ ಬರತ್ತೆ," ಎಂದಳು.

ಸೋಮವಾರ ವಿಮೆಯ ಏಜೆನ್ಸಿಗೆ ಫೋನ್ ಮಾಡಿದೆ. ಅಲ್ಲಿನ ಹೆಂಗಸು ತಾಳ್ಮೆಯಿಂದ ವಿವರಿಸಿದರು. ಬಂದೂಕಿಗೆ ಸ್ಕೋಪು ಕೂಡಿಸಿಯೇ ಇದ್ದರೆ ಅವೆರಡೂ ಸೇರಿ ಒಂದೇ ವಸ್ತು, ಒಂದು ವಸ್ತುವಿಗೆ ಕೊಡುವ ಪರಿಹಾರಕ್ಕೆ ಮಿತಿಯಿದೆ. ಬಿಚ್ಚಿ ಬೇರೆ ಡಬ್ಬಿಯಲ್ಲಿ ಒಯ್ದರೆ ಎರಡು ವಸ್ತು, ಪರಿಹಾರವೂ ಎರಡು. ಸಂಜೆ ಇದನ್ನು ಹೇಳಿದಾಗ ಅವಳು ನಕ್ಕಳು.

"ಬಿಚ್ಚೋದಾ? ಒಂದು ಸಲ ಬಿಚ್ಚಿದ್ರೆ ಗುರಿ ಹೋಯ್ತು ಮಾರಾಯಾ. ಮತ್ತೆ ಶೂಟಿಂಗ್ ರೇಂಜಿಗೆ ಹೋಗಿ ಗುಂಡು ಹಾರಿಸಿ ಹಾರಿಸಿ ಕೂರಿಸ್ಬೇಕು. ನಾವಿಬ್ರೂ ಒಂದಿಡೀ ದಿನ ಕೂತು ಕೂರಿಸಿದ್ದು ಅದು."

ನಾವಿಬ್ಬರು ಅಂದರೆ ಯಾರೆಂದು ನಾನು ಕೇಳಲಿಲ್ಲ. ಒಂದೇ ವಸ್ತು ಎಂದು ಬರೆದೆ.

ದುರ್ಬೀನಿನದು ಬೇರೆ ತೊಡಕು. ಎರವಲು ತಂದ ವಸ್ತುವಾದ್ದರಿಂದ, ಇಂಥವರಿಗೆ ಇಂಥ ಪ್ರಯಾಣಕ್ಕೆ ಕೊಟ್ಟಿದ್ದೇನೆ, ಇದರ ಬೆಲೆ ಇಷ್ಟು ಎಂದು ಅದರ ಒಡೆಯರು ಬರೆದುಕೊಡಬೇಕು. ಇಲ್ಲದಿದ್ದರೆ ಆ ವಸ್ತುವನ್ನು ಬಿಟ್ಟು ಉಳಿದವುಗಳಿಗೆ ಮಾತ್ರ ವಿಮೆ. ವಿಮೆಯಿಲ್ಲದೆ ಅವಳು ಬೇರೆಯವರ ವಸ್ತುವನ್ನು ಒಯ್ಯುವವಳಲ್ಲ, ಅದು ನನಗೆ ಗೊತ್ತಿತ್ತು. ಹಾಗಾದರೆ ಪತ್ರ ಬರದಿದ್ದರೆ ಸಾಕು ಎಂದೂ ಹೊಳೆಯಿತು.

ಮರುದಿನ ಒಸಾಕಾಗೆ ರೈಲು ಹತ್ತಿ, ಹಳೆಯ ಕ್ಯಾಮೆರಾ ಕೊಂಡು ಮಾರುವ ಅಂಗಡಿಯೊಂದರಲ್ಲಿ ಸೆನ್ಸೇಯದಕ್ಕಿಂತ ಹೊಸದಾದ, ಹೆಚ್ಚು ಬೆಳಕು ಕೊಡುವ ದುರ್ಬೀನು ಕೊಂಡೆ. ಯಾರೋ ಕೊಂಡು ಬಳಸದೇ ಮಾರಿದ್ದಂತೆ. ಮನೆಗೆ ತಂದು ಕೊಟ್ಟಾಗ ಅವಳು ಅದನ್ನು ಕಿಟಕಿಯ ಹತ್ತಿರ ಒಯ್ದು ಎದುರು ಮನೆಯ ನೀರಿನ ಟ್ಯಾಂಕು ನೋಡಿದಳು, ಕಾಗೆ ನೋಡಿದಳು.

"ಚೆನ್ನಾಗಿದೆ. ಯಾಕೆ ತಂದೆ?"

"ನಿಂದೇ ಅಂತ ಒಂದಿರ್ಲಿ ಅಂತ."

"ಥ್ಯಾಂಕ್ಸ್ ಕಣೋ," ಎಂದು ಡಬ್ಬಿಗೆ ವಾಪಸು ಇಟ್ಟಳು. ಆಮೇಲೆ, ಅಡುಗೆಮನೆಯಿಂದ, "ಸೆನ್ಸೇ ಹತ್ರ ಲೆಟರ್ ಯಾವಾಗ ಇಸ್ಕೊಂಡು ಬರ್ತೀಯಾ?" ಎಂದಳು.

ಫೆಬ್ರವರಿಯ ಎರಡನೇ ಶನಿವಾರ ಹೋದೆ. ಅವಳಿಗೆ ಅಂದು ವಿಶ್ವವಿದ್ಯಾಲಯದಲ್ಲಿ ಕೆಲಸವಿತ್ತು. ಬಸ್ಸು ಹಿಮದ ನಡುವೆ ತಿರುಗಿ ತಿರುಗಿ ಹತ್ತಿತು. ಸೆನ್ಸೇ ಮನೆ ಪಕ್ಕದ ಷೆಡ್ಡಿನಲ್ಲಿ ಮರದ ಕಂಬವೊಂದನ್ನು ಮರಳಿನಿಂದ ಉಜ್ಜುತ್ತಿದ್ದರು. ನನ್ನನ್ನು ಒಳಗೆ ಕರೆದು ಕಾಲಿಗೆ ಬಿಸಿಯಾಗಲೆಂದು ಅಡಿಯಲ್ಲಿ ಹೀಟರ್ ಇಟ್ಟ ತಗ್ಗು ಮೇಜಿನ ಬಳಿ ಕೂರಿಸಿದರು. ಅವರ ಹೆಂಡತಿ ಚಹಾ ತಂದರು. ನಾನು 'ಸುಮಿಮಾಸೆನ್', ಕ್ಷಮಿಸಿ, ಎಂದು ಎಷ್ಟು ಸಲ ಹೇಳಿದೆನೋ, ಅಂದು ಅದರ ಲೆಕ್ಕ ಇಡಲಿಲ್ಲ.

ಪತ್ರದ ವಿಷಯ ಕೇಳಿ ಸೆನ್ಸೇ ತಲೆ ಕೆರೆದುಕೊಂಡರು.

"ಬೆಲೆ ಏಕೆ? ಕಳೆದರೆ ಕಳೆಯಿತು. ಅದನ್ನು ನನಗೆ ಕೊಟ್ಟವರೂ ಬೆಲೆ ಕೇಳಲಿಲ್ಲ. ಸೊನ್ನೆ ಎಂದು ಬರೆಯಿರಿ."

"ಸೊನ್ನೆ ಬೆಲೆಯ ವಸ್ತುವಿಗೆ ವಿಮೆ ಇರುವುದಿಲ್ಲ, ಸೆನ್ಸೇ."

"ಹಾಗಾದರೆ ನೀವೇ ಹೇಳಿ, ಎಷ್ಟು?"

ಅಂಥದೇ ಹಳೆಯ ಮಾದರಿ ಈಗ ಯಾವ ಬೆಲೆಗೆ ಹೋಗುತ್ತದೆ ಎಂದು ಮೂರು ಅಂಗಡಿಗಳಲ್ಲಿ ವಿಚಾರಿಸಿಕೊಂಡೇ ಬಂದಿದ್ದೆ. ಹೇಳಿದೆ. ಅವರ ಹುಬ್ಬು ಮೇಲೇರಿತು. ಅವರ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

"ಅಷ್ಟೊಂದೇ! ನನಗೆ ಮುಟ್ಟುವುದಕ್ಕೂ ಕೊಟ್ಟವರಲ್ಲ ಇವರು. ನಿಮ್ಮವರು ಬರಲು ಶುರುಮಾಡಿದ ಮೇಲೆ ನೋಡಿ, ಶನಿವಾರ ಬೆಳಿಗ್ಗೆ ಗಡ್ಡ ಬೋಳಿಸಿಕೊಂಡು ಬೇಟೆಗೆ ಹೋಗುತ್ತಾರೆ. ಮೊದಲು ಕರಡಿಯ ಹಾಗೆ ಹೋಗುತ್ತಿದ್ದರು. ಜಿಂಕೆಗಳಿಗೆ ಗುರುತೇ ಸಿಗುವುದಿಲ್ಲವಂತೆ."

ಸೆನ್ಸೇಯ ಕಿವಿ ಕೆಂಪಾಯಿತು. "ಸುಮ್ಮನಿರು," ಎಂದು ಅವರೂ ನಕ್ಕರು. ನಾನೂ ನಗಬೇಕಿತ್ತು. ಚಹಾ ಕುಡಿದೆ, ನಾಲಿಗೆ ಸುಟ್ಟಿತು. ಅವರು ಪತ್ರಕ್ಕೆ ಮುದ್ರೆ ಒತ್ತಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ. ವಾಪಸು ಬಸ್ಸಿನಲ್ಲಿ ನನ್ನ ಕಣ್ಣ ಮುಂದೆ ಇದ್ದದ್ದು ಆ ಗಡ್ಡ ಒಂದೇ. ಅಂದು ಅವಳು ಬಂದಿರಲಿಲ್ಲ, ಅಂದು ಅವರ ಗಡ್ಡ ಬೆಳೆದಿತ್ತು. ನಾನು ಸರಿಯಾಗಿ ನೋಡಿದ್ದೆ.

ಮನೆಗೆ ಬಂದಾಗ ಅವಳು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಪತ್ರವನ್ನು ಮೇಜಿನ ಮೇಲಿಟ್ಟು, ಕೋಟು ಕೂಡ ಬಿಚ್ಚದೆ ಹೇಳಿದೆ.

"ನಾನೂ ಬರ್ತೀನಿ."

"ಎಲ್ಲಿಗೆ?"

"ನ್ಯೂಜಿಲೆಂಡಿಗೆ."

ಅವಳು ಚಾಕು ಕೆಳಗಿಟ್ಟಳು. "ಬೆಟ್ಟದ ಮೇಲೆ ನಿಂಗೇನೋ ಕೆಲ್ಸ?"

"ನೋಡ್ತೀನಿ."

"ಏನನ್ನ? ಜಿಂಕೇನಾ, ನಮ್ಮನ್ನಾ?"

"ನಿಮ್ಮನ್ನ," ಎಂದೆ.

ಅವಳು ತೋಳಿನಿಂದ ಕಣ್ಣು ಒರೆಸಿಕೊಂಡಳು, ಈರುಳ್ಳಿಗೋ ಏನೋ. "ಅಬ್ಬಾ. ಇದನ್ನ ಹೇಳೋಕೆ ಇಷ್ಟು ದಿನ ತಗೊಂಡ್ಯಾ? ಅದಕ್ಕೇ ಬೈನಾಕ್ಯುಲರ್ ತಂದಿದ್ದಾ? ಉಪ್ಪಿನಕಾಯಿ ಮೇಲಿಟ್ಟಿದ್ದು?"

"ಅವ್ರು ಗಡ್ಡ ಬೋಳಿಸ್ಕೊಂಡು ಬರ್ತಾರಂತೆ, ನೀನು ಬರೋ ದಿನ."

"ಬೋಳಿಸ್ಕೊಳ್ಳಿ ಬಿಡು. ಅವ್ರ ಗಡ್ಡ. ನಾನೇನು ಬೋಳಿಸ್ತಾ ಇದೀನಾ?" ಅವಳಿಗೆ ನಗು ಬಂತು, ನನಗೆ ಬರಲಿಲ್ಲ. ಅದನ್ನು ಕಂಡು ಸ್ಟೌ ಆರಿಸಿ ನನ್ನೆದುರು ಬಂದು ಕೂತಳು.

"ಕೇಳಿಲ್ಲಿ. ಅವ್ರ ಜೊತೆ ನಂಗೆ ಏನೂ ಇಲ್ಲ. ಅದು ನಿಂಗೂ ಗೊತ್ತು. ಆದ್ರೂ ನೀನು ಬರೋದು ಬೇಡ."

"ಯಾಕೆ?"

"ಪೊದೆ ಹಿಂದೆ ಕೂತ್ರೆ ಮೂರು ಗಂಟೆ ಮಾತಿಲ್ಲ, ಕತೆಯಿಲ್ಲ. ಯಾರೂ ನನ್ನನ್ನ ನೋಡಲ್ಲ. ಅವ್ರೂ ಜಿಂಕೇನೇ ನೋಡ್ತಿರ್ತಾರೆ. ನೀನು ಬಂದ್ರೆ ನನ್ನನ್ನ ನೋಡ್ತೀಯಾ. ಮನೆಗೆ ಬಂದು ಬರೆದೂ ಇಡ್ತೀಯಾ. ಅಲ್ಲೊಂದು ಕಡೆ ಬೇಡ ಕಣೋ. ಪ್ಲೀಸ್."

ಎದುರಾಳಿ ಗಂಡಸಾದರೆ ಏನು ಮಾಡಬೇಕೆಂದು ನಾನು ಹೇಗೋ ಯೋಚಿಸಿಟ್ಟಿದ್ದೆ. ಹೆಚ್ಚು ಬೆಳಕಿನ ದುರ್ಬೀನು ತರಬಹುದು, ಮಂಡಿಯೂರಿ ಬಾಗುವುದನ್ನು ಕಲಿಯಬಹುದು. ಮೂರು ಗಂಟೆಯ ಮೌನಕ್ಕೆ ಎದುರಾಗಿ ಇಡಲು ನನ್ನ ಬಳಿ ಏನೂ ಇರಲಿಲ್ಲ. ಅದರ ಮೇಲೂ ಹೊಟ್ಟೆ ಉರಿಯಿತು, ಹಿಂದಿನದಕ್ಕಿಂತ ಜೋರಾಗಿಯೇ.

"ಸರಿ," ಎಂದೆ.

"ಸರಿ ಅಂದ್ರೆ?"

"ಬರಲ್ಲ."

ಅವಳು ನನ್ನ ಕೋಟಿನ ಗುಂಡಿ ಬಿಚ್ಚಿದಳು. ಅಂದಿನ ಪುಟದಲ್ಲಿ ಇದನ್ನು ಜಗಳದ ಲೆಕ್ಕಕ್ಕೆ ಸೇರಿಸಲೋ ಬೇಡವೋ ತಿಳಿಯದೆ ಬಿಟ್ಟೆ.

ಸೋಮವಾರ ಪತ್ರ ಕಳಿಸಿದೆ, ಗುರುವಾರ ವಿಮೆ ಒಪ್ಪಿಗೆಯಾಗಿ ಬಂತು. ಮನೆಯ ಹೊಸ್ತಿಲು ದಾಟಿದ ಕ್ಷಣದಿಂದ ಮತ್ತೆ ಹೊಸ್ತಿಲು ತುಳಿಯುವವರೆಗೆ ಬಂದೂಕು, ಸ್ಕೋಪು, ಸೆನ್ಸೇಯ ದುರ್ಬೀನು ಮೂರಕ್ಕೂ ರಕ್ಷಣೆ. ಆ ಶನಿವಾರ ಅವಳು ಬೆಟ್ಟಕ್ಕೆ ಹೋದಳು, ನಾನು ಹೊಸ ದುರ್ಬೀನನ್ನು ತಿರುಗಿ ಮಾರಲು ಒಸಾಕಾಗೆ ಹೋದೆ. ಅಂಗಡಿಯ ಹುಡುಗಿ ಡಬ್ಬಿ ತೆರೆದು, ಗಾಜುಗಳನ್ನು ದೀಪಕ್ಕೆ ಹಿಡಿದು ಪರೀಕ್ಷಿಸಿದಳು. ಒಂದು ಗೀರೂ ಇರಲಿಲ್ಲ.

"ಬಳಸಲೇ ಇಲ್ಲವೇ? ಏನಾದರೂ ತೊಂದರೆ ಇತ್ತೇ?"

"ಇಲ್ಲ. ಮನೆಯಲ್ಲಿ ಆಗಲೇ ಒಂದಿದೆ."

"ಇದಕ್ಕಿಂತ ಒಳ್ಳೆಯದೇ?"

ನನ್ನ ಹಿಂದೆ ಇನ್ನಿಬ್ಬರು ಸಾಲಿನಲ್ಲಿ ನಿಂತಿದ್ದರು. ಹುಡುಗಿ ಪೆನ್ನು ಹಿಡಿದು ಕಾಯುತ್ತಿದ್ದಳು.

"ನನ್ನ ಹೆಂಡತಿಗೆ ಅದೇ ಹೊಂದುತ್ತದೆ," ಎಂದೆ.