ಎರಡು ದಾರದ ಪರದೆ

ರಾಯದುರ್ಗದಲ್ಲಿ ಚೀಲದ ಹಿಡಿ ಹೊಲಿಸಲು ಕೂತಿದ್ದೆ. ದರ್ಜಿ ತಿಪ್ಪೇಸ್ವಾಮಿಯವರ ಗೋಡೆಯ ಮೇಲೆ ಉದ್ಘಾಟನೆಯ ಕಲ್ಲಿಗೆ ಹಾಕುವ ಪುಟ್ಟ ಪರದೆ ನೇತಾಡುತ್ತಿತ್ತು. ನಡುವೆ ಸೀಳು, ಎರಡು ಬದಿಗೆ ಎರಡು ದಾರ.

"ಎರಡು ದಾರ ಯಾಕೆ?"

"ಒಂದು ಮಂತ್ರಿಗೆ, ಒಂದು ಎಂಎಲ್‌ಎಗ್ರಿ. ನಾನೇ ಎಳೀಬೇಕು ಅಂತ ಇಬ್ಬರದೂ ಜಗಳ. ಅದಕ್ಕ ಹಿಂಗ ಹೊಲದೀನಿ. ಆದ್ರೂ ಒಂದೇ ದಿನ ಬರವಲ್ರು."

ಶಾಸಕಾಂಗ, ಕಾರ್ಯಾಂಗಗಳ ಸಂಬಂಧವನ್ನು ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಬಟ್ಟೆಯಲ್ಲಿ ಹೊಲಿದದ್ದನ್ನು ಕಂಡದ್ದು ಇದೇ ಮೊದಲು.

ಗುಮ್ಮಘಟ್ಟದ ಕಡೆ ತಿಪ್ಪೇಸ್ವಾಮಿಯವರ ಊರಿನ ಹಳ್ಳಕ್ಕೆ ಸೇತುವೆ ಕಟ್ಟಿ ಮುಗಿದಿದೆ; ಪರದೆ ಅದರದೇ. ಉದ್ಘಾಟನೆಯಾಗುವ ತನಕ ಯಾರೂ ಹತ್ತಬಾರದೆಂದು ಜಾಲಿಮುಳ್ಳು ಹಾಕಿದ್ದಾರಂತೆ.

"ಹಳ್ಳ ತುಂಬಿ ಬಂದರೆ ಹೇಗೆ ದಾಟುತ್ತೀರಿ?"

ಅವರು ನೂಲನ್ನು ಹಲ್ಲಿನಿಂದ ಕಡಿದು ಚೀಲ ಕೊಟ್ಟರು.

"ಹಗ್ಗ ಕಟ್ತೀವ್ರಿ. ಎಲ್ಲಾರೂ ಒಂದೇ ಹಗ್ಗ ಹಿಡಕೊಂಡು ದಾಟ್ತೀವಿ."