ಮೀಸೆಯವನ ಎಲೆ

ನಮ್ಮ ದೊಡ್ಡಪ್ಪ ಟೆಂಟು ಸಿನಿಮಾದಲ್ಲಿ ಆಪರೇಟರ್ ಆಗಿದ್ದರು. ಆ ಟೆಂಟು ಒಂದೇ ಊರಿನಲ್ಲಿ ನಿಲ್ಲುತ್ತಿರಲಿಲ್ಲ. ನಾಗಮಂಗಲದಲ್ಲಿ ಕೆಲವು ತಿಂಗಳು, ಕೆ.ಆರ್. ಪೇಟೆಯಲ್ಲಿ ಕೆಲವು ತಿಂಗಳು, ಆಮೇಲೆ ಪಾಂಡವಪುರದ ಕಡೆಗೆ. ಕನ್ನಡ ಚಿತ್ರದ ಡಬ್ಬ ಸಮಯಕ್ಕೆ ಬಾರದ ದಿನ, ಅಥವಾ ಬಂದ ಚಿತ್ರ ಮೂರನೆಯ ದಿನಕ್ಕೇ ಬಿದ್ದುಹೋದಾಗ, ಅವರು ಹಳೆಯ ಕೌಬಾಯ್ ಚಿತ್ರವೊಂದನ್ನು ಓಡಿಸುತ್ತಿದ್ದರು. ಜನ ಅದನ್ನು ಕುದುರೆ ಪಿಚ್ಚರ್ ಎನ್ನುತ್ತಿದ್ದರು. ಅದರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ, ತಿಳಿಯಬೇಕಾದ ಅಗತ್ಯವೂ ಇರಲಿಲ್ಲ. ಒಬ್ಬ ಬರುತ್ತಾನೆ. ಇನ್ನೊಬ್ಬ ಕಾಯುತ್ತಿರುತ್ತಾನೆ. ಗಾಳಿ ಬೀಸುತ್ತದೆ. ತುಂಬ ಹೊತ್ತು ಯಾರೂ ಬಾಯಿ ಬಿಡುವುದಿಲ್ಲ. ಮಾತು ಕಡಿಮೆಯಿದ್ದ ಆ ಚಿತ್ರಗಳು ಚಿಕ್ಕಂದಿನಲ್ಲಿ ನನಗೆ ಹಿಡಿಸಿದ್ದವು.

ಅವು ಅಮೆರಿಕದ ಚಿತ್ರಗಳೆಂದೇ ನಾವೆಲ್ಲ ತಿಳಿದಿದ್ದೆವು. ಮೈಸೂರಿನಲ್ಲಿ ಎಂ.ಎ. ಓದುವಾಗ, ಗ್ರಂಥಾಲಯದ ಒಂದು ಪುಸ್ತಕದಿಂದ ನನಗೆ ಬೇರೆಯೇ ಸಂಗತಿ ಗೊತ್ತಾಯಿತು. ಅವುಗಳಲ್ಲಿ ಹೆಚ್ಚಿನವನ್ನು ಮಾಡಿದವರು ಇಟಲಿಯವರು, ಕೆಲವನ್ನು ಜರ್ಮನಿಯವರು. ಕುದುರೆ ಓಡಿದ್ದು ಸ್ಪೇನ್ ದೇಶದ ಒಣ ಬಯಲಿನಲ್ಲಿ. ಎಷ್ಟೋ ನಟರು ತಮ್ಮ ಹೆಸರು ಬಿಟ್ಟು ಅಮೆರಿಕದವರ ಹಾಗೆ ಹೆಸರಿಟ್ಟುಕೊಂಡಿದ್ದರು. ಇದನ್ನು ಹೇಳಿದಾಗ ದೊಡ್ಡಪ್ಪನಿಗೆ ಆಶ್ಚರ್ಯವೇ ಆಗಲಿಲ್ಲ.

"ನಂಗ್ ಅನ್ಮಾನ ಇತ್ತು ಕಣ್ಮಗ. ಆ ಕಲ್ಲು, ಆ ಕಳ್ಳಿ ನೋಡುದ್ರೆ ನಮ್ ನಾಗಮಂಗಲದ್ ಕಡೆ ಇದ್ದಂಗಿತ್ತು. ಅಮೇರಿಕದೋರು ಅಷ್ಟ್ ಬಡವ್ರಾಗಿರಾಕಿಲ್ಲ."

ನಾನು ಹೈಸ್ಕೂಲಿನಲ್ಲಿದ್ದಾಗಲೇ ಟೆಂಟು ಮುಚ್ಚಿತು. ದೊಡ್ಡಪ್ಪ ಚಿನಕುರಳಿ ಹತ್ತಿರದ ನಮ್ಮ ಊರಿಗೆ ಬಂದು ಗದ್ದೆ ನೋಡಿಕೊಳ್ಳತೊಡಗಿದರು. ಜೊತೆಗೆ ತಂದದ್ದು ಒಂದು ತಗಡಿನ ಪೆಟ್ಟಿಗೆ. ಅದರ ತುಂಬ ಟೆಂಟಿನ ಮುಂದೆ ಗಾಜಿನ ಚೌಕಟ್ಟಿನಲ್ಲಿ ಅಂಟಿಸುತ್ತಿದ್ದ ಫೋಟೋ ಕಾರ್ಡುಗಳು. ಶ್ರೀರಂಗಪಟ್ಟಣದ ನಮ್ಮ ಮನೆಯಿಂದ ರಜೆಗೆ ಹೋದಾಗಲೆಲ್ಲ ನಾನು ಆ ಪೆಟ್ಟಿಗೆ ತೆಗೆದು ಕೂರುತ್ತಿದ್ದೆ.

ಟೆಂಟು ಮುಚ್ಚಿದ ವರ್ಷವೇ ಅವರು ಆ ಎಲೆಗಳನ್ನು ಇಡಲು ಶುರುಮಾಡಿದ್ದು. ಪಿತೃಪಕ್ಷದಲ್ಲಿ ನಮ್ಮ ಕಡೆ ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ಅವರು ಬದುಕಿದ್ದಾಗ ಆಸೆಪಟ್ಟು ತಿನ್ನುತ್ತಿದ್ದದ್ದನ್ನೆಲ್ಲ ಬಾಳೆಲೆಗೆ ಬಡಿಸಿ, ಹೊಸ ಬಟ್ಟೆ ಮಡಿಸಿಟ್ಟು, ಧೂಪ ಹಾಕಿ, ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವೆ. ಅವರು ಬಂದು ಉಂಡು ಹೋಗಲಿ ಎಂದು. ದೊಡ್ಡಪ್ಪ ನಮ್ಮ ಹಿರಿಯರ ಎಡೆಯ ಪಕ್ಕದಲ್ಲಿ, ಸ್ವಲ್ಪ ಅಂತರ ಬಿಟ್ಟು, ಎರಡು ಸಣ್ಣ ಎಲೆ ಹಾಕಿದರು. ಒಂದು, ಪರದೆಯ ತುಂಬ ಬರೀ ಕಣ್ಣು ತೋರಿಸುತ್ತಿದ್ದ ನಿರ್ದೇಶಕನಿಗೆ. ಇನ್ನೊಂದು, ಸಾರಾಯಿ ಅಂಗಡಿಯವನ ಪಾತ್ರ ಮಾಡುತ್ತಿದ್ದ ಮುದುಕನಿಗೆ. ಇಬ್ಬರೂ ತೀರಿಹೋದ ಸುದ್ದಿ ಅವರಿಗೆ ಟೆಂಟಿನಲ್ಲಿದ್ದಾಗಲೇ, ಚಿತ್ರದ ಡಬ್ಬ ಕಳಿಸುತ್ತಿದ್ದ ಮೈಸೂರಿನವರಿಂದ ತಿಳಿದಿತ್ತು. ಹೆಸರು ಗೊತ್ತಿರಲಿಲ್ಲ. ಮುದ್ದೆ, ಬಾಡಿನ ಸಾರು, ಒಂದು ಲೋಟದಲ್ಲಿ ಬ್ರಾಂದಿ, ಪಕ್ಕದಲ್ಲಿ ಕೆ.ಆರ್. ಪೇಟೆ ಸಂತೆಯಿಂದ ತಂದ ಚುಟ್ಟ.

ದೊಡ್ಡಮ್ಮ ಸುಮ್ಮನಿರಲಿಲ್ಲ. "ಬರೋರೇನೋ ಬರ್ತಾರೆ. ಕುದುರೆ ಎಲ್ ಕಟ್ತಾರಂತೆ? ನಮ್ ಕೊಟ್ಗೇಲಿ ಎಮ್ಮೆಗೇ ಜಾಗ ಇಲ್ಲ."

"ಅವ್ರನ್ನ ಓಡ್ಸಿ ಅಲ್ವಾ ನಾನ್ ನಿಮ್ಗೆಲ್ಲ ಅನ್ನ ಇಕ್ಕಿದ್ದು? ವರ್ಸುಕ್ಕೊಂದ್ ದಿನ ಅವ್ರಿಗೊಂದ್ ಎಲೆ ಇಕ್ಬಾರ್ದಾ?"

"ಜಾತಿ ಗೊತ್ತಾ, ಕುಲ ಗೊತ್ತಾ? ನಮ್ಮತ್ತೆ ಮಾವನ್ ಪಕ್ಕದಲ್ಲಿ ಕೂರುಸ್ತಾವ್ರೆ. ಒಂದಲ್ಲ ಒಂದಿನ ಏನಾರ ಎಡವಟ್ಟಾಗ್ಲಿ, ಅವತ್ತೇ ಈ ಎಲೆ ಕಿತ್ ಬಿಸಾಕ್ತೀನಿ ನಾನು."

ಆ ಎಡವಟ್ಟು ಮಾಡಿದವಳು ನಾನು.

ದೊಡ್ಡಪ್ಪನಿಗೆ ತುಂಬ ಬೇಕಾದ ನಟನೊಬ್ಬನಿದ್ದ. ತೆಳ್ಳಗಿನ ಕರಿ ಮೀಸೆ, ಉದ್ದ ಕೋಟು, ಯಾವಾಗಲೂ ಖಳ. ಕೊನೆಯ ರೀಲಿನಲ್ಲಿ ಸಾಯುವುದೇ ಅವನ ಕೆಲಸ. "ಸಾಯೋದ್ರಲ್ಲಿ ಇವನಂಗೆ ಇನ್ನೊಬ್ಬ ಇಲ್ಲ ಕಣ್ಮಗ," ಎಂದು ದೊಡ್ಡಪ್ಪ ಕಾರ್ಡು ತೋರಿಸುತ್ತಿದ್ದರು. "ಒಂದ್ ಸಲ ಬಿದ್ದಂಗೆ ಇನ್ನೊಂದ್ ಸಲ ಬೀಳಾಕಿಲ್ಲ. ಮಂಡಿ ಮೇಲೆ ಕೂತು, ಟೋಪಿ ಸರಿ ಮಾಡ್ಕಂಡು, ಆಮೇಲ್ ಬೀಳ್ತಾನೆ." ಅವನು ಸತ್ತದ್ದನ್ನು ದೊಡ್ಡಪ್ಪ ನೂರಾರು ಸಲ ತಮ್ಮ ಕೈಯಿಂದಲೇ ಓಡಿಸಿದ್ದರು.

ಎಂ.ಎ. ಮೊದಲ ವರ್ಷದಲ್ಲಿ ವಾಚನಾಲಯದ ಇಂಗ್ಲಿಷ್ ಪತ್ರಿಕೆಯಲ್ಲಿ ಸಣ್ಣದೊಂದು ಸುದ್ದಿ ನೋಡಿದೆ. ಯುರೋಪಿನ ಕೌಬಾಯ್ ಚಿತ್ರಗಳ ನಟನೊಬ್ಬ ತೀರಿಕೊಂಡಿದ್ದ. ಫೋಟೋ ಇರಲಿಲ್ಲ. ಹೆಸರು ಎಲ್ಲೋ ಓದಿದ ಹಾಗಿತ್ತು. ಊರಿಗೆ ಹೋದಾಗ ಪೆಟ್ಟಿಗೆಯಲ್ಲಿ ಹುಡುಕಿದೆ. ಒಂದು ಕಾರ್ಡಿನಲ್ಲಿ ಇಬ್ಬರು ನಿಂತಿದ್ದರು, ಎಡಗಡೆ ಮೀಸೆಯವನು, ಬಲಗಡೆ ಅವನ ಬಂಟ, ಗಡ್ಡದವನು. ಕೆಳಗೆ ಎರಡು ಹೆಸರು. ಸತ್ತವನ ಹೆಸರು ಎಡಗಡೆ ಇತ್ತು. ಎಡಗಡೆಯ ಹೆಸರು ಎಡಗಡೆಯ ಮುಖದ್ದೇ ಎಂದು ನಾನು ಒಂದು ಕ್ಷಣವೂ ಯೋಚಿಸದೆ ನಂಬಿದೆ. "ಇರಬಹುದು" ಎನ್ನಬೇಕಿತ್ತು. "ಮೀಸೆಯವನು ಹೋಗಿಬಿಟ್ಟ, ದೊಡ್ಡಪ್ಪ" ಎಂದೆ.

ಅವರು ಸ್ವಲ್ಪ ಹೊತ್ತು ಕಾರ್ಡನ್ನೇ ನೋಡುತ್ತಿದ್ದರು. "ಈ ಸಲ ಎಂಗ್ ಬಿದ್ನಂತೆ?" ಎಂದು ಕೇಳಿದರು.

"ಆಸ್ಪತ್ರೆಯಲ್ಲಂತೆ."

"ಪಾಪ. ಒಬ್ರೂ ನೋಡ್ನಿಲ್ಲ ಅನ್ನು."

ಆ ವರ್ಷ ಎಲೆಗಳು ಮೂರಾದವು. ನೋಡಲು ಬಂದ ನೆಂಟರಿಗೆಲ್ಲ ದೊಡ್ಡಪ್ಪ ಹೇಳಿದ್ದೇ ಹೇಳಿದ್ದು: "ನಮ್ಮುಡ್ಗಿ ಇಂಗ್ಲಿಷ್ ಪೇಪರ್ ನೋಡಿ ಯೋಳವ್ಳೆ. ಸುಳ್ಳಾಗಾಕಿಲ್ಲ."

ಮಾರನೆಯ ವರ್ಷ, ಪಿತೃಪಕ್ಷಕ್ಕೆ ಇನ್ನೂ ಎರಡು ತಿಂಗಳಿರುವಾಗ, ನಮ್ಮ ಇಂಗ್ಲಿಷ್ ಅಧ್ಯಾಪಕರೊಬ್ಬರ ಮೇಜಿನ ಮೇಲೆ ಹೊರದೇಶದ ಒಂದು ಸಿನಿಮಾ ಪತ್ರಿಕೆ ಇತ್ತು. ಅದು ಅವರಿಗೆ ಹಡಗಿನ ಅಂಚೆಯಲ್ಲಿ ತಿಂಗಳುಗಟ್ಟಲೆ ತಡವಾಗಿ ಬರುತ್ತಿತ್ತು. ಪುಟ ತಿರುಗಿಸುತ್ತಿದ್ದಾಗ ಸತ್ತವನ ಆ ಹೆಸರು ಕಂಡಿತು. ಮೇಲೆ ದೊಡ್ಡ ಫೋಟೋ. ಅದು ಗಡ್ಡದವನದು. ಪಕ್ಕದ ಪುಟದಲ್ಲಿ ಮಣ್ಣು ಮಾಡಿದ ದಿನದ ಚಿತ್ರ. ಬಂದವರ ನಡುವೆ ಟೋಪಿಯನ್ನು ಎದೆಗೆ ಹಿಡಿದು ನಿಂತ ಒಬ್ಬ ಮುದುಕ. ಮೀಸೆ ಬೆಳ್ಳಗಾಗಿತ್ತು. ನಿಂತ ಭಂಗಿ ನೋಡಿದರೆ ಅನುಮಾನವೇ ಉಳಿಯುವಂತಿರಲಿಲ್ಲ. ಸಾಲದ್ದಕ್ಕೆ ಕೆಳಗೆ ಅವನ ಹೆಸರೂ ಇತ್ತು. ಕಾರ್ಡಿನ ಬಲಗಡೆಯಲ್ಲಿದ್ದ ಹೆಸರು.

ಗೆಳೆಯನನ್ನು ಕಳುಹಿಸಿಕೊಡಲು ಬಂದವನಿಗೆ ನಾವು ಎಡೆ ಇಟ್ಟಿದ್ದೆವು.

ಎರಡು ಪುಟ ಜೆರಾಕ್ಸ್ ಮಾಡಿಸಿ ಪುಸ್ತಕದಲ್ಲಿ ಇಟ್ಟುಕೊಂಡೆ. ಊರಿಗೆ ಹೋದೆ, ಹೇಳದೆ ಬಂದೆ. ಇನ್ನೊಮ್ಮೆ ಹೋದೆ, ಆಗಲೂ ಹೇಳಲಿಲ್ಲ. ಬದುಕಿದ್ದವರಿಗೆ ಎಡೆ ಇಡುವುದೆಂದರೆ ನಮ್ಮಲ್ಲಿ ಶಾಪ ಹಾಕಿದ್ದಕ್ಕಿಂತ ಕಡಿಮೆಯಲ್ಲ. ದೊಡ್ಡಮ್ಮನಿಗೆ ಗೊತ್ತಾದರೆ ಆ ಎಲೆಗಳು ಅಂದಿಗೇ ಮುಗಿಯುತ್ತವೆ. ಮೈಸೂರಿನ ನನ್ನ ಸಹಪಾಠಿಗಳಿಗೆ ಇದನ್ನು ಹೇಳಿದ್ದರೆ ನಕ್ಕುಬಿಡುತ್ತಿದ್ದರು, ಅದಕ್ಕೇ ಹೇಳಿರಲಿಲ್ಲ. ಆದರೆ ದೊಡ್ಡಪ್ಪ ತಮ್ಮ ಅರ್ಧ ಆಯಸ್ಸು ಕತ್ತಲ ಗೂಡಿನಲ್ಲಿ ಒಂಟಿಯಾಗಿ ಕೂತು ನೋಡಿದ ಮುಖಗಳು ಅವು. ಟೆಂಟಿನ ಬದುಕಿನಿಂದ ಅವರಿಗೆ ಉಳಿದಿದ್ದದ್ದು ವರ್ಷಕ್ಕೊಮ್ಮೆ ಆ ಎಲೆ ಹಾಕುವ ಸಂಜೆಯೊಂದೇ. ಅದು ನನ್ನಿಂದ ನಿಂತುಹೋಗುವುದು ನನಗೆ ಬೇಡವಾಗಿತ್ತು. ಸುಮ್ಮನಿದ್ದರೆ ಬದುಕಿದ್ದವನಿಗೆ ಎರಡನೆಯ ಸಲ ಎಡೆ ಬೀಳುತ್ತದೆ. ಅದೂ ಬೇಡವಾಗಿತ್ತು.

ಎಡೆ ಇಡುವ ಮಹಾಲಯ ಅಮಾವಾಸ್ಯೆಗೆ ಕೆಲವೇ ದಿನ ಇರುವಾಗ ದೊಡ್ಡಪ್ಪ ಚುಟ್ಟ ತರಲು ಕೆ.ಆರ್. ಪೇಟೆ ಸಂತೆಗೆ ಹೊರಟರು, ನಾನೂ ಜೊತೆಗೆ ಹೋದೆ. ಬಸ್ಸು ಬೂಕನಕೆರೆ ದಾಟಿದ ಮೇಲೆ, ಇನ್ನು ತಡಮಾಡಿದರೆ ಆಗದು ಎಂದುಕೊಂಡು ಜೆರಾಕ್ಸ್ ತೆಗೆದು ಅವರ ತೊಡೆಯ ಮೇಲಿಟ್ಟೆ. "ದೊಡ್ಡಪ್ಪ, ಹೋದ ವರ್ಷ ನಾನ್ ಹೇಳಿದ್ದು ತಪ್ಪು. ಸತ್ತಿದ್ದು ಗಡ್ಡದವನು. ಮೀಸೆಯವನು ಇಲ್ಲಿದ್ದಾನೆ ನೋಡಿ. ಮಣ್ಣಿಗೆ ಬಂದಿದ್ದಾನೆ."

ಅವರು ಕನ್ನಡಕ ಹಾಕಿಕೊಂಡರು. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಬದುಕವ್ನಾ!"

ಮುಂದಿನ ಸೀಟಿನವರೆಲ್ಲ ತಿರುಗಿದರು. ಕಂಡಕ್ಟರ್ ಅಲ್ಲಿಂದಲೇ ಕೇಳಿದ, "ಯಾರ್ ಯಜಮಾನ್ರೆ ಬದುಕಿರೋದು?"

"ನಮ್ಮೋನೊಬ್ಬ ಕಣಪ್ಪ. ಸತ್ತ ಅಂದಿದ್ರು."

"ಅಂಗಂದ್ರೆ ಆಯಸ್ಸು ಗಟ್ಟಿ ಬುಡಿ. ಎಲ್ಲವ್ರೆ?"

"ಇಟಲೀಲಿ."

ಕಂಡಕ್ಟರ್ ಒಂದು ಗಳಿಗೆ ಯೋಚಿಸಿ, "ಓ, ಫಾರಿನ್ನು," ಎಂದು ಗೌರವದಿಂದ ಹೇಳಿ ಟಿಕೆಟ್ಟಿನ ಕಡೆ ತಿರುಗಿದ. ದೊಡ್ಡಪ್ಪ ಇನ್ನೂ ನಗುತ್ತಿದ್ದರು. "ನೋಡ್ದಾ ಮಗ, ಈ ಸಲ ಅವ್ನು ಬಿದ್ದೇ ಇಲ್ಲ. ಮೀಸೆ ನೋಡು, ಎಂಗ್ ಬೆಳ್ಳಗಾಗದೆ. ಟೋಪಿ ಮಾತ್ರ ಅಂಗೇ ಇಡ್ದವ್ನೆ."

ಒಂದು ಮೈಲಿ ಹೋಗುವಷ್ಟರಲ್ಲಿ ಆ ನಗು ನಿಂತಿತು. ಅವರಿಗೆ ಇನ್ನೊಂದು ಅರ್ಥ ಹೊಳೆದದ್ದು ನನಗೆ ಅವರ ಕೈಯಿಂದ ತಿಳಿಯಿತು. ಕಾಗದವನ್ನು ಸಣ್ಣದಾಗಿ, ಇನ್ನೂ ಸಣ್ಣದಾಗಿ ಮಡಿಸುತ್ತಿದ್ದರು. "ಉಸ್ರಾಡೋ ಮನ್ಸನ್ಗೆ ಎಡೆ ಇಕ್ಬುಟ್ನಲ್ಲ," ಎಂದರು.

"ತಪ್ಪು ನನ್ನದು ದೊಡ್ಡಪ್ಪ."

"ಕೈ ನಂದಲ್ವಾ?"

ಸಂತೆಯಲ್ಲಿ ಚುಟ್ಟದ ಅಂಗಡಿಯ ಮುಂದೆಯೇ ಹಾದು ಹೋದೆವು. ಅವರು ನಿಲ್ಲಲಿಲ್ಲ. ಮೆಣಸಿನಕಾಯಿ, ಬೆಲ್ಲ, ಧೂಪ ಕೊಂಡು ವಾಪಸ್ ಬಸ್ಸು ಹತ್ತಿದೆವು. "ಇನ್ ಬೇಡ ಬುಡು," ಎಂದು ದಾರಿಯಲ್ಲಿ ಒಂದೇ ಮಾತು ಹೇಳಿದರು. "ದೂರದೋರ ಸಾವು ಬದುಕು ನಮ್ಗೆಂಗ್ ಗೊತ್ತಾಯ್ತದೆ? ಯಾರ್ಗೂ ಬೇಡ."

ಅವರನ್ನು ತಡೆಯುವ ಹಕ್ಕು ನನಗಿದೆ ಎನ್ನಿಸಲಿಲ್ಲ.

ಮನೆಯಲ್ಲಿ ದೊಡ್ಡಮ್ಮ ಚೀಲ ಬರಿದು ಮಾಡಿ ನೋಡಿದರು. "ಚುಟ್ಟ ಎಲ್ಲಿ?"

ದೊಡ್ಡಪ್ಪ ಹಿತ್ತಲಿಗೆ ಹೋಗಿಬಿಟ್ಟರು. ನಾನು ಎಲ್ಲ ಹೇಳಿದೆ, ಕಾರ್ಡು, ಹೆಸರು, ಪತ್ರಿಕೆ, ಏನೂ ಬಿಡದೆ. ಬೈಗುಳಕ್ಕೆ ಸಿದ್ಧವಾಗಿಯೇ ಹೇಳಿದೆ. ದೊಡ್ಡಮ್ಮ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೇಳಿದರು.

"ಅಂಗಾದ್ರೆ ಸತ್ತೋನು ಗಡ್ಡದೋನಾ? ಕುದುರೆ ಇಡ್ಕಂಡ್ ನಿಂತಿರ್ತಿದ್ನಲ್ಲ, ಅವ್ನಾ?"

ಆಶ್ಚರ್ಯವಾಯಿತು. ಕುದುರೆ ಪಿಚ್ಚರ್ ಎಂದರೆ ಮೂಗು ಮುರಿಯುತ್ತಿದ್ದವರು ಯಾವಾಗ ಅಷ್ಟು ಚೆನ್ನಾಗಿ ನೋಡಿದ್ದರೋ. "ನೀವ್ ನೋಡಿದ್ದೀರಾ ದೊಡ್ಡಮ್ಮ?"

"ಊಟ ತಕಂಡ್ ನಾನೇ ಓಗ್ತಿದ್ನಲ್ಲ ಟೆಂಟಿಗೆ. ಕಣ್ಮುಚ್ಕಂಡ್ ಓಗ್ತಿದ್ನಾ?" ಎಂದರು. ಆಮೇಲೆ ತೊಟ್ಟು ಮುರಿಯುವುದನ್ನು ನಿಲ್ಲಿಸಿದರು. "ಪಾಪ ಕಣೆ. ಎಲ್ಲಾರ್ ಕುದುರೇನೂ ಕಾಯ್ಕಂಡ್ ನಿಂತಿರೋನು. ಓದ್ ವರ್ಸ ಬಂದು, ತನ್ಗೊಂದ್ ಎಲೆ ಇಲ್ದೆ, ಬಾಗ್ಲತಾವ್ಲೇ ನಿಂತು ಒಂಟೋದ್ನೇನೋ. ವರ್ಸದಿಂದ ಅಸ್ಕಂಡವ್ನೆ."

ಹಿತ್ತಲಿನ ಕಡೆಗೆ ದನಿ ಎತ್ತಿದರು. "ರೀ! ಎಮ್ಮೆ ಮುಂದೆ ಕೂತ್ಕಂಡ್ ಅತ್ತುದ್ದು ಸಾಕು ಬನ್ನಿ. ಸತ್ತೋನ್ನ ಉಪಾಸ ಕೆಡ್ವಿ, ಈಗ ಆ ಮೊದಲ್ನೋರಿಬ್ರುದೂ ಎಲೆ ಕಿತ್ತಾಕ್ತೀರಾ? ನಾಳೆ ಪಾಂಡವಪುರಕ್ಕೋಗಿ ಚುಟ್ಟ ತನ್ನಿ."

ದೊಡ್ಡಪ್ಪ ಬಾಗಿಲಲ್ಲಿ ನಿಂತರು. "ಬದುಕಿರೋನ್ಗೆ ಇಕ್ಕಿದ್ದು ಏನಾಯ್ತದೆ?"

"ಬದುಕಿರೋನ್ ಪಾಲ ಬದುಕಿರೋರು ಉಣ್ಬೇಕು. ಅಷ್ಟೇಯ. ಯೋಳ್ದೋಳು ಇವ್ಳು, ಇವ್ಳೇ ಉಣ್ಲಿ. ಎರಡ್ ಮುದ್ದೆ. ಒಂದ್ ತುತ್ತು ಬುಡೋ ಅಂಗಿಲ್ಲ."

ಅದು ಮೊದಲಿನಿಂದ ಇದ್ದ ಪದ್ಧತಿಯೋ, ಮೆಣಸಿನಕಾಯಿ ಮುಂದೆ ಕೂತಲ್ಲೇ ಅವರು ಮಾಡಿದ್ದೋ, ನಾನು ಈವರೆಗೂ ಕೇಳಿಲ್ಲ. ದೊಡ್ಡಪ್ಪನೂ ಕೇಳಲಿಲ್ಲ. ಅವರ ಭುಜ ಇಳಿದು ಹಗುರಾದದ್ದನ್ನು ಮಾತ್ರ ನೋಡಿದೆ.

ಅಮಾವಾಸ್ಯೆಯ ಸಂಜೆ ಮೂರು ಎಲೆ ಬಿದ್ದವು. ಪತ್ರಿಕೆಯಲ್ಲಿ ನೋಡಿದ ಗಡ್ಡದವನ ನಿಜವಾದ ಹೆಸರನ್ನು ನಾನು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟಿದ್ದೆ. ಅವನು ಬಡಗಿಯ ಮಗ, ಸಿನಿಮಾಕ್ಕೆ ಬರುವ ಮೊದಲು ಕುದುರೆ ಲಾಯದಲ್ಲಿ ಕೆಲಸಕ್ಕಿದ್ದ ಎಂದೂ ಓದಿ ಹೇಳಿದ್ದೆ. ದೊಡ್ಡಪ್ಪ ಚೀಟಿ ನೋಡಿ ಆ ಹೆಸರನ್ನು ಮೂರು ಸಲ ಕಷ್ಟಪಟ್ಟು ಉಚ್ಚರಿಸಿದರು, ನಮ್ಮ ತಾತನ ಹೆಸರು ಹೇಳುವಷ್ಟೇ ಭಕ್ತಿಯಿಂದ. ದೊಡ್ಡಮ್ಮ ಅವನ ಎಲೆಗೆ ಮೂಳೆಯಿರುವ ಎರಡು ತುಂಡು ಹೆಚ್ಚಾಗಿ ಬಡಿಸಿದರು.

ಧೂಪ ಹಾಕಿ, ಬಾಗಿಲೆಳೆದುಕೊಂಡು ಜಗಲಿಗೆ ಬಂದೆವು. ಹೊಲದ ಕಡೆಯಿಂದ ತಂಪು ಗಾಳಿ ಬರುತ್ತಿತ್ತು.

"ಮುಂದ್ಲ್ ವರ್ಸಕ್ಕೆ ಉಳ್ದೋರೆಲ್ಲಾರ್ದೂ ಸರ್ಯಾಗ್ ನೋಡ್ಕಂಡ್ ಬರ್ಬೇಕು ಮಗ," ಎಂದರು ದೊಡ್ಡಪ್ಪ. "ಫೋಟೋ ಸಮೇತ."

"ನೋಡ್ತೀನಿ. ಎಷ್ಟೋ ಜನ ಇನ್ನೂ ಇರಬಹುದು ದೊಡ್ಡಪ್ಪ."

"ಇರ್ಲಿ, ಇರ್ಲಿ. ಎಲೆ ಕಮ್ಮಿ ಆದ್ರೆ ನಂಗೇನ್ ನಷ್ಟ?" ಆಮೇಲೆ ಕೇಳಿದರು: "ಈಗ ಇಟಲೀಲಿ ಎಷ್ಟ್ ಗಂಟೆ?"

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಈ ಸಲ ಎರಡು ಬಾರಿ ಹಾಕಿ ನೋಡಿ ಹೇಳಿದೆ. "ಮಧ್ಯಾಹ್ನ ಮೂರೂವರೆ."

"ಅಂಗಾದ್ರೆ ಮೀಸೆಯೋನು ಉಂಡು ಮಲ್ಗಿರ್ತಾನೆ," ಎಂದು ದೊಡ್ಡಪ್ಪ ಗಟ್ಟಿಯಾಗಿ ನಕ್ಕರು.

"ಮೆಲ್ಲಗ್ ಮಾತಾಡಿ," ದೊಡ್ಡಮ್ಮ ಬಾಗಿಲ ಕಡೆ ಕೈ ತೋರಿಸಿ ಗದರಿದರು. "ಒಳಗ್ ಉಣ್ತಾವ್ರೆ."