ಆಯುಧಪೂಜೆಯ ದಿನ ನಿಂತ ಕಂಪ್ಯೂಟರುಗಳು

ನಮ್ಮ ಅಮೃತಹಳ್ಳಿಯ ಗಂಗರತ್ನಮ್ಮ ಹಾವಿಗೂ ಹೆದರುವವಳಲ್ಲ. ಅವಳು ಹೆದರುವುದು ಕೆಲಸ ಹೋದೀತೆಂಬ ಒಂದಕ್ಕೇ. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಹೆಬ್ಬಾಳದ ಹಣಕಾಸು ಕಂಪನಿಯೊಂದರಲ್ಲಿ ಕಸ ಗುಡಿಸುತ್ತಾಳೆ. ಜ್ವರ ಬಂದರೂ ರಜೆ ಹಾಕಿದ್ದಿಲ್ಲ.

ಈ ಸಲದ ಆಯುಧಪೂಜೆಗೆ ತನ್ನ ಮಹಡಿಯ ನಲವತ್ತು ಕಂಪ್ಯೂಟರುಗಳಿಗೂ ಅವಳೇ ಕುಂಕುಮವಿಟ್ಟು ಸೇವಂತಿಗೆ ಮುಡಿಸಿದಳು. ಮಂಗಳಾರತಿಯಾಗಿ, ಕಡ್ಲೆಪುರಿ ಪೊಟ್ಟಣ ಹಿಡಿದು ಎಲ್ಲರೂ ಮನೆಗೆ ಹೊರಟರು. ಕಾವಲಿನ ಮುರುಗೇಶ ಬೀಗ ಹಾಕಲು ಕೆಳಗೆ ಕಾಯುತ್ತಿದ್ದ. ಪರದೆಗಳು ಕಪ್ಪಗಿದ್ದರೂ ಕಂಪ್ಯೂಟರುಗಳು ಗುಯ್‌ಗುಟ್ಟುತ್ತಲೇ ಇದ್ದವು. ಪೂಜೆ ಮಾಡಿದ್ದನ್ನು ಆ ದಿನ ದುಡಿಸುತ್ತಾರೆಯೇ? ಅವಳ ಮನೆಯಲ್ಲಿ ಅಂದು ಕುಡುಗೋಲನ್ನೂ ಮುಟ್ಟುತ್ತಿರಲಿಲ್ಲ. ಗೋಡೆಯ ಸ್ವಿಚ್ಚುಗಳನ್ನೆಲ್ಲ ಆಫ್ ಮಾಡಿ, ಕೈಮುಗಿದು ಬಂದಳು.

ಜನ ಎದ್ದುಹೋದ ಮೇಲೆ ಆ ಖಾಲಿ ಕಂಪ್ಯೂಟರುಗಳೆಲ್ಲ ಸೇರಿ ಒಂದೇ ದೊಡ್ಡ ಲೆಕ್ಕವನ್ನು ಹಂಚಿಕೊಂಡು ಮಾಡುತ್ತವೆಂದು, ಪಾಪ, ಅವಳಿಗೆ ಯಾರು ಹೇಳಿದ್ದರು? ಗುಡಿಸುವವಳಿಗೆ ಅದೆಲ್ಲ ಹೇಳುವ ಪದ್ಧತಿ ಎಲ್ಲಿದೆ!

ಮರುದಿನ ಬೆಳಿಗ್ಗೆ, ಕಂಪ್ಯೂಟರು ನೋಡಿಕೊಳ್ಳುವ ಶರತ್ ಫೋನ್ ಮಾಡಿದ.

"ಗಂಗರತ್ನಮ್ಮ, ಮಾರ್ಕೆಟ್ ಬಿದ್ರೆ ಎಷ್ಟು ನಷ್ಟ ಅಂತ ಲೆಕ್ಕ ಓಡ್ತಿತ್ತು. ಅರ್ಧದಲ್ಲೇ ನಿಮ್ಮ ಫ್ಲೋರಿನ ನಲವತ್ತೂ ಆಫ್ ಆಗ್ಬಿಟ್ಟಿವೆ. ನೀವೇನಾದ್ರೂ ಮುಟ್ಟಿದ್ರಾ?"

"ನಾನಲ್ಲ ಸಾರ್."

"ಹಂಗಾದ್ರೆ ಮುರುಗೇಶಾನೇ. ಕೀ ಇದ್ದಿದ್ದು ಅವನ ಹತ್ರ."

ಅವಳು ಫೋನ್ ಇಟ್ಟುಬಿಟ್ಟಳು. ಆಮೇಲೊಮ್ಮೆ ಫೋನ್ ಸದ್ದಾದಾಗ ಅದನ್ನು ದಿಂಬಿನಡಿ ತುರುಕಿ, ಮೇಲೆ ಕೂತುಬಿಟ್ಟಳಂತೆ.

ರಜೆ ಮುಗಿಸಿ ಕೆಲಸಕ್ಕೆ ಹೋದರೆ ಗೇಟಿನಲ್ಲಿ ಬೇರೆ ಯಾರೋ ಕೂತಿದ್ದ. ಮುರುಗೇಶನ ಊಟದ ಡಬ್ಬಿ ಇನ್ನೂ ಕಿಟಕಿಯಲ್ಲೇ ಇತ್ತು. ಕಂಪ್ಯೂಟರು ನಿಲ್ಲಿಸಿದ್ದಕ್ಕೆ ಅವನನ್ನು ಕೆಲಸದಿಂದ ತೆಗೆದರಂತೆ. ಅವಳು ಸೀದಾ ಹೋಗಿ ಶರತ್‌ನ ಮುಂದೆ ನಿಂತಳು.

"ನಾನೇ ಆಫ್ ಮಾಡಿದ್ದು ಸಾರ್. ಪೂಜೆ ಆದ್ಮೇಲೆ ದುಡುಸ್ಬಾರ್ದು ಅಂತ. ಫೋನಲ್ಲಿ ಹೇಳಕ್ಕೆ ಹೆದ್ರಿಕೆ ಆಯ್ತು."

ಶರತ್ ಹಣೆ ಚಚ್ಚಿಕೊಂಡ. "ಅಯ್ಯೋ, ಇಷ್ಟೇನಾ! ಒಂದು ಮಷೀನ್ ನಿಂತ್ರೆ ಅದರ ಪಾಲಿನ ಕೆಲಸ ಇನ್ನೊಂದು ಮಾಡತ್ತೆ ಕಣಮ್ಮ. ಮೇಲಿನ ಫ್ಲೋರಿನವು ಎಲ್ಲಾ ಮುಗಿಸಿದ್ವು. ಎರಡು ಗಂಟೆ ಲೇಟಾಯ್ತು, ಅಷ್ಟೆ. ಏನೂ ಹೋಗ್ಲಿಲ್ಲ."

"ಮುರುಗೇಶ ಹೋದ್ನಲ್ಲ ಸಾರ್."

ಅವಳು ಕೊರಳಿನ ಐಡಿ ಕಾರ್ಡು ಬಿಚ್ಚಿ ಅವನ ಮೇಜಿನ ಮೇಲಿಟ್ಟಳು.

"ಅವನ್ನ ವಾಪಸ್ ಕರ್ಸಿ. ನನ್ ಪಾಲಿನ ಕಸ ಇನ್ಯಾರಾದ್ರೂ ಗುಡುಸ್ತಾರೆ."